356ನೇ ವಿಧಿಯ ಎರಡೂ ತುದಿಯಲ್ಲಿ ನಿಂತ ಬಿ.ಡಿ. ಜತ್ತಿ

ಸಂವಿಧಾನದ ಪೇಪರ್‌ಗೆ ಓದುವಾಗ 356ನೇ ವಿಧಿಯನ್ನು ನಾವೆಲ್ಲ ಒಂದೇ ಸಾಲಲ್ಲಿ ಬಾಯಿಪಾಠ ಮಾಡಿಬಿಡುತ್ತೇವೆ: ರಾಜ್ಯದಲ್ಲಿ ಸಂವಿಧಾನದ ಪ್ರಕಾರ ಆಡಳಿತ ನಡೆಸಲು ಆಗದಿದ್ದರೆ ರಾಷ್ಟ್ರಪತಿ ಆಳ್ವಿಕೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ 'ಆಗುವುದಿಲ್ಲ' ಅಂತ ಹೇಳುವವರು ಯಾರು? ಅದನ್ನು ಒಪ್ಪಿ ಸಹಿ ಹಾಕುವವರು ಯಾರು? ಸಹಿ ಹಾಕಲ್ಲ ಅನ್ನೋ ಅಧಿಕಾರ ಅವರಿಗೆ ಇದೆಯಾ? ಈ ಮೂರು ಪ್ರಶ್ನೆಗಳನ್ನೂ ಒಬ್ಬ ಕನ್ನಡಿಗರ ರಾಜಕೀಯ ಜೀವನದ ಮೂಲಕ ಅರ್ಥ ಮಾಡಿಕೊಳ್ಳಬಹುದು. ಅವರೇ ಬಸಪ್ಪ ದಾನಪ್ಪ ಜತ್ತಿ.

ಜಮಖಂಡಿಯಿಂದ ರಾಜಭವನಕ್ಕೆ

ಜತ್ತಿಯವರು ಹುಟ್ಟಿದ್ದು 1912ರಲ್ಲಿ, ಜಮಖಂಡಿ ಸಮೀಪದ ಸಾವಳಗಿಯಲ್ಲಿ. ವಕೀಲಿಕೆ ಮಾಡುತ್ತಲೇ ಜಮಖಂಡಿ ಪುರಸಭೆಗೆ ಬಂದರು. ಆಮೇಲೆ ಅದೇ ಸಂಸ್ಥಾನದಲ್ಲಿ ಮಂತ್ರಿಯಾದರು, ಮುಖ್ಯಮಂತ್ರಿಯೂ ಆದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಮುಂದೆ ಮುಂಬಯಿ ಸರ್ಕಾರದಲ್ಲಿ ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿಯಾಗಿದ್ದಾಗ ಜತ್ತಿಯವರು ಉಪಮಂತ್ರಿ. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಜಮಖಂಡಿ ಮೈಸೂರು ರಾಜ್ಯಕ್ಕೆ ಸೇರಿತು. ಗೇಣಿ ಕಾನೂನುಗಳ ಬಗ್ಗೆ ಸರ್ಕಾರ ನೇಮಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. 'ಜತ್ತಿ ಸಮಿತಿ' ಅಂತ ಭೂಸುಧಾರಣೆಯ ಚರಿತ್ರೆಯಲ್ಲಿ ಓದುವುದು ಇದನ್ನೇ. 1958ರಲ್ಲಿ ನಿಜಲಿಂಗಪ್ಪನವರು ಕೆಳಗಿಳಿದಾಗ ಮುಖ್ಯಮಂತ್ರಿಯಾಗಿ 1962ರವರೆಗೆ ಆ ಸ್ಥಾನದಲ್ಲಿದ್ದರು. 1968ರಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಲ್ಲಿ ಒರಿಸ್ಸಾದ ರಾಜ್ಯಪಾಲ. ನಮ್ಮ ಪಾಠ ಶುರುವಾಗುವುದು ಇಲ್ಲಿಂದ.

ಮೊದಲ ತುದಿ: ವರದಿ ಕಳಿಸುವವರು

1973ರ ಮಾರ್ಚ್‌ನಲ್ಲಿ ಒರಿಸ್ಸಾ ಮುಖ್ಯಮಂತ್ರಿ ನಂದಿನಿ ಸತ್ಪತಿ, ಪಕ್ಷಾಂತರದಿಂದ ಬಹುಮತ ಹೋಗಿ ರಾಜೀನಾಮೆ ಕೊಟ್ಟರು. ವಿರೋಧ ಪಕ್ಷಗಳ ನಾಯಕ ಬಿಜು ಪಟ್ನಾಯಕ್ 'ಬಹುಮತ ನಮಗಿದೆ, ಅವಕಾಶ ಕೊಡಿ' ಅಂದರು. ಜತ್ತಿಯವರು ಕೊಡಲಿಲ್ಲ. ಆ ಕಡೆ ಈ ಕಡೆ ಜಿಗಿಯುವ ಶಾಸಕರನ್ನು ನಂಬಿ ಸ್ಥಿರ ಸರ್ಕಾರ ನಡೆಯಲ್ಲ ಅನ್ನುವುದು ಅವರ ನಿಲುವು. ವರದಿ ದೆಹಲಿಗೆ ಹೋಯಿತು, ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು. ಬಿಜು ಪಟ್ನಾಯಕ್ ಹೈಕೋರ್ಟ್‌ಗೆ ಹೋದರೂ ಆ ಆದೇಶ ರದ್ದಾಗಲಿಲ್ಲ. 1974ರ ಚುನಾವಣೆ ನಂತರ ಸತ್ಪತಿಯವರೇ ಮತ್ತೆ ಮುಖ್ಯಮಂತ್ರಿ.

ಪಕ್ಷಾಂತರ ನಿಷೇಧ ಕಾಯ್ದೆ ಬಂದಿದ್ದು 1985ರಲ್ಲಿ. ಹಾಗಾಗಿ 1973ರಲ್ಲಿ ಸ್ಥಿರತೆಯ ಚಿಂತೆ ಸುಳ್ಳೇನಲ್ಲ. ಆದರೆ ಬಹುಮತ ಇದೆಯೋ ಇಲ್ಲವೋ ಅನ್ನುವುದು ಎಣಿಕೆಯ ಲೆಕ್ಕ. ಅದನ್ನು ಸದನದಲ್ಲಿ ತಲೆ ಎಣಿಸಿ ನೋಡುವ ಬದಲು ರಾಜಭವನದಲ್ಲಿ ಅಂದಾಜು ಮಾಡಿದರೆ, ಆ ಅಂದಾಜು ಎಷ್ಟೇ ಪ್ರಾಮಾಣಿಕವಾಗಿದ್ದರೂ ಜನ ನಂಬುವುದು ಕಷ್ಟ. ಯಾಕಂದ್ರೆ ರಾಜ್ಯಪಾಲರನ್ನು ನೇಮಿಸುವುದೇ ಕೇಂದ್ರ.

ಎರಡನೇ ತುದಿ: ಸಹಿ ಹಾಕುವವರು

1974ರಲ್ಲಿ ಜತ್ತಿಯವರು ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿ. ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಸೋತರು. ಹೊಸ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದ್ದು ಜತ್ತಿಯವರು. ಪ್ರಧಾನಿ ಯಾರು? ಮುಂಬಯಿಯಲ್ಲಿ ಅವರ ಮುಖ್ಯಮಂತ್ರಿಯಾಗಿದ್ದ ಅದೇ ಮೊರಾರ್ಜಿ ದೇಸಾಯಿ.

ಜನತಾ ಸರ್ಕಾರ ಬಂದ ತಿಂಗಳೊಳಗೆ ಗೃಹಮಂತ್ರಿ ಚರಣ್ ಸಿಂಗ್ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳಿಗೆ ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋಗಿ ಎಂದು ಪತ್ರ ಬರೆದರು. ಲೋಕಸಭೆಯಲ್ಲಿ ಸೋತವರಿಗೆ ರಾಜ್ಯದಲ್ಲಿ ಉಳಿಯುವ ಹಕ್ಕಿಲ್ಲ ಅನ್ನುವುದು ವಾದ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟ್‌ಗೆ ಹೋದವು. ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ಅರ್ಜಿ ವಜಾ ಮಾಡಿತು. ಈ ಸಲ ರಾಜ್ಯಪಾಲರ ವರದಿಯೇ ಇರಲಿಲ್ಲ! 356ನೇ ವಿಧಿಯಲ್ಲಿ 'ರಾಜ್ಯಪಾಲರ ವರದಿಯಿಂದ ಅಥವಾ ಬೇರೆ ರೀತಿಯಲ್ಲಿ' ಅಂತ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಓಆರ್ ಗೇಟ್. ಒಂದು ಇನ್‌ಪುಟ್ ಸಿಕ್ಕಿದರೂ ಔಟ್‌ಪುಟ್ ಬರುತ್ತದೆ.

ಕಡತ ಜತ್ತಿಯವರ ಮೇಜಿಗೆ ಬಂತು. ಅವರು ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ದೊಡ್ಡ ಗಲಿಬಿಲಿ. ಆದರೆ 1976ರ 42ನೇ ತಿದ್ದುಪಡಿ, ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆಯೇ ನಡೆಯಬೇಕು ಎಂದು ಕಟ್ಟಿಹಾಕಿತ್ತು. ವಾಪಸ್ ಕಳಿಸುವ ದಾರಿಯನ್ನೂ ಬರೆದಿರಲಿಲ್ಲ. ಏಪ್ರಿಲ್ 30ರಂದು ಸಹಿ ಬಿತ್ತು, ಒಂಬತ್ತು ಸರ್ಕಾರಗಳು ಹೋದವು. ಅವುಗಳಲ್ಲಿ ಒರಿಸ್ಸಾವೂ ಒಂದು.

ತಡಮಾಡಿದ್ದನ್ನು ಕೆಲವರು ಹಳೆಯ ಪಕ್ಷನಿಷ್ಠೆ ಅಂದರು, ಕೆಲವರು ಒಕ್ಕೂಟ ವ್ಯವಸ್ಥೆಯ ಕಾಳಜಿ ಅಂದರು. ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕಿಂತ, ಕಾನೂನಿನಲ್ಲಿ ಏನಿರಲಿಲ್ಲ ಅನ್ನುವುದು ನಮಗೆ ಮುಖ್ಯ. ಒಂದು ತುದಿಯಲ್ಲಿ ರಾಜ್ಯಪಾಲರ ಅಂದಾಜನ್ನು ಪರೀಕ್ಷಿಸುವವರಿಲ್ಲ. ಇನ್ನೊಂದು ತುದಿಯಲ್ಲಿ ರಾಷ್ಟ್ರಪತಿಗೆ 'ಇನ್ನೊಮ್ಮೆ ಯೋಚಿಸಿ' ಅನ್ನಲು ಸ್ಪಷ್ಟ ಅವಕಾಶವಿಲ್ಲ. 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದಾಗ ಅದೇ ಲೆಕ್ಕದಲ್ಲಿ ಒಂಬತ್ತು ರಾಜ್ಯ ಸರ್ಕಾರಗಳನ್ನು ತೆಗೆದರು. ನಮ್ಮವರು ಮಾಡಿದರೆ ಸರಿ, ಅವರು ಮಾಡಿದರೆ ತಪ್ಪು ಅನ್ನುವ ಮಾತಿಗೆ ಎರಡೂ ಕಡೆ ಜಾಗ ಉಳಿಯಲಿಲ್ಲ.

ಆಮೇಲೆ ಏನು ಸರಿಹೋಯಿತು?

ಮೇಲಿನ ತುದಿ ಸ್ವಲ್ಪ ಬೇಗ ರಿಪೇರಿಯಾಯಿತು. 1978ರ 44ನೇ ತಿದ್ದುಪಡಿಯ ಪ್ರಕಾರ ರಾಷ್ಟ್ರಪತಿ ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು. ಕೆ.ಆರ್. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶದ, 1998ರಲ್ಲಿ ಬಿಹಾರದ ಕಡತವನ್ನು ಹೀಗೆ ಹಿಂದಿರುಗಿಸಿದರು.

ಕೆಳಗಿನ ತುದಿ ರಿಪೇರಿಯಾಗಲು ಇನ್ನೊಬ್ಬ ಕನ್ನಡಿಗರು ಬೇಕಾಯಿತು. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ವರದಿಯ ಮೇಲೆ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. 'ಸದನದಲ್ಲಿ ಬಹುಮತ ತೋರಿಸ್ತೀನಿ' ಅಂದ ಬೊಮ್ಮಾಯಿಯವರ ಮಾತು ನಡೆಯಲಿಲ್ಲ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲಿ. ರಾಷ್ಟ್ರಪತಿ ಆಳ್ವಿಕೆಯ ಆದೇಶವನ್ನು ಕೋರ್ಟ್ ಪರಿಶೀಲಿಸಬಹುದು. ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ.

1973ರಲ್ಲಿ ಈ ನಿಯಮ ಇದ್ದಿದ್ದರೆ ಬಿಜು ಪಟ್ನಾಯಕ್ ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ, ಅದು ಒರಿಸ್ಸಾ ವಿಧಾನಸಭೆಯಲ್ಲೇ ಎಲ್ಲರ ಎದುರು ಗೊತ್ತಾಗುತ್ತಿತ್ತು. ಜತ್ತಿಯವರ ಮೇಲೂ ಆ ಭಾರ ಬೀಳುತ್ತಿರಲಿಲ್ಲ. ಮುಂದಿನ ಸಲ ಯಾವುದೋ ರಾಜ್ಯದ ರಾಜಭವನದ ಮುಂದೆ ಶಾಸಕರ ಬಸ್ಸುಗಳು ಸಾಲಾಗಿ ನಿಂತಿದ್ದು ಟಿವಿಯಲ್ಲಿ ಕಂಡರೆ, ರಾಜ್ಯಪಾಲರು ಯಾವ ಪಕ್ಷದವರು ಅಂತ ಹುಡುಕೋ ಮೊದಲು ನಾವು ಕೇಳಬೇಕಾದ್ದು ಒಂದೇ: ಎಣಿಕೆ ಎಲ್ಲಿ ನಡೀತಿದೆ, ಒಳಗೋ ಸದನದಲ್ಲೋ?