ನೈಟಿಂಗೇಲ್ ಪದಕವು ಕಲಿಸುವ ಪಾಠ

ಯುದ್ಧದಲ್ಲಿ ಪರಾಕ್ರಮ ತೋರಿಸಿದ ಸಿಪಾಯಿಯ ಎದೆಯ ಮೇಲೆ ಪದಕವಿರುವದನ್ನು ನಾವು ಕಂಡಿರುವೆವು. ಆದರೆ ಯಾರನ್ನೂ ಕೊಲ್ಲದೆ ಗಾಯಗಳನ್ನು ಕಟ್ಟಿದವರಿಗೋಸ್ಕರವೂ ಒಂದು ಪದಕವುಂಟು. ಅದರ ಚರಿತ್ರೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಪದಕದ ಹುಟ್ಟು. ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು 1910ರಲ್ಲಿ ತೀರಿಕೊಂಡಳು. 1912ರಲ್ಲಿ ವಾಷಿಂಗ್ಟನ್ ಪಟ್ಟಣದಲ್ಲಿ ಕೂಡಿದ ರೆಡ್ ಕ್ರಾಸ್ ಸಂಘಗಳ ಅಂತರರಾಷ್ಟ್ರೀಯ ಸಭೆಯು ಆಕೆಯ ಜ್ಞಾಪಕಾರ್ಥವಾಗಿ ಈ ಪದಕವನ್ನು ಸ್ಥಾಪಿಸಿತು. ಅಷ್ಟರಲ್ಲಿ ಮಹಾಯುದ್ಧವು ಬಂತು. ಮೊದಲನೆಯ ಪದಕಗಳು 1920ರಲ್ಲಿ, ಆಕೆ ಹುಟ್ಟಿ 100 ವರುಷಗಳಾದಾಗ, ಕೊಡಲ್ಪಟ್ಟವು. ಚಿನ್ನದ ಲೇಪವಿರುವ ಬೆಳ್ಳಿಯ ಆ ಪದಕದ ಮೇಲೆ ದೀಪ ಹಿಡಿದ ಸ್ತ್ರೀಯ ರೂಪವಿದೆ.

2. ದೀಪವು ಯಾಕೆ? 1854ರ ನವೆಂಬರದಲ್ಲಿ ಈಕೆಯು 38 ದಾದಿಯರೊಡನೆ ತುರ್ಕಿ ದೇಶದ ಸ್ಕುಟಾರಿಯಲ್ಲಿದ್ದ ಇಂಗ್ಲಿಷರ ಸೈನ್ಯದ ಆಸ್ಪತ್ರೆಗೆ ಬಂದಳು. ಕ್ರಿಮಿಯಾ ಯುದ್ಧದಿಂದ ತರಲ್ಪಟ್ಟವರು ಅಲ್ಲಿ ಹೊಲಸಿನಲ್ಲಿ ಮಲಗಿದ್ದರು. ಹಗಲು ದುಡಿದು, ರಾತ್ರಿ ದೀಪ ಹಿಡಿದು ಆಕೆ ಹಾಸಿಗೆಯಿಂದ ಹಾಸಿಗೆಗೆ ನಡೆದಳು.

3. ಕಠಿಣವಾದ ಸತ್ಯ. ಇಷ್ಟು ಪ್ರೀತಿಯಿಂದ ಪರಾಮರಿಸಿದರೂ ಮರಣವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಅಲ್ಲಿನ ಮರಣದ ಲೆಕ್ಕವು ನೂರಕ್ಕೆ 40ನ್ನು ಮೀರಿತ್ತು. ಬಹುಮಂದಿ ಸತ್ತದ್ದು ಗಾಯದಿಂದಲ್ಲ, ರೋಗದಿಂದ. ಯಾಕಂದರೆ ಕಟ್ಟಡದ ಕೆಳಗಿನ ಚರಂಡಿಗಳು ಕಟ್ಟಿಕೊಂಡಿದ್ದವು. ಮಾರ್ಚಿಯಲ್ಲಿ ಬಂದ ನೈರ್ಮಲ್ಯಾಧಿಕಾರಿಗಳು ಅವನ್ನು ತೊಳೆಯಿಸಿ ಗಾಳಿಯಾಡುವಂತೆ ಮಾಡಿದ ಮೇಲೆ ಮರಣಗಳು ಬಹಳವಾಗಿ ತಗ್ಗಿದವು. ಯುದ್ಧವು ಮುಗಿದ ಮೇಲೆ ಆಕೆಯು ವಿಲಿಯಮ್ ಫಾರ್ ಎಂಬ ಪಂಡಿತನ ಸಹಾಯದಿಂದ ಸತ್ತವರ ಲೆಕ್ಕವನ್ನು ನೋಡಿ ಈ ಸತ್ಯವನ್ನು ಗ್ರಹಿಸಿದಳು. ಲೋಕವೆಲ್ಲಾ ಹೊಗಳುತ್ತಿರುವಾಗ ತನ್ನ ಆಸ್ಪತ್ರೆಯ ನಷ್ಟವನ್ನು ಮುಚ್ಚಿಡದೆ ಚಿತ್ರಪಟಗಳಲ್ಲಿ ಬರೆದು ತೋರಿಸಿದಳು. ಇದು ಸಾಧಾರಣವಾದ ಧೈರ್ಯವಲ್ಲ. ಅಂದಿನಿಂದ ನೈರ್ಮಲ್ಯವೇ ಆಕೆಯ ಜೀವಮಾನದ ಕೆಲಸವಾಯಿತು. ಭಾರತವನ್ನು ಒಮ್ಮೆಯೂ ಕಾಣದಿದ್ದರೂ ನಮ್ಮ ಗ್ರಾಮಗಳ ನೈರ್ಮಲ್ಯದ ವಿಷಯವಾಗಿಯೂ ಆಕೆ ಬರೆದಳು.

4. ಪದಕವು ಯಾರಿಗೆ? ಎರಡು ವರುಷಗಳಿಗೊಮ್ಮೆ ಹೆಚ್ಚೆಂದರೆ 50 ಮಂದಿಗೆ ಇದು ಸಿಕ್ಕುವದು. ಯುದ್ಧದಲ್ಲಾಗಲಿ ವಿಪತ್ತಿನಲ್ಲಾಗಲಿ ಗಾಯಪಟ್ಟವರನ್ನೂ ರೋಗಿಗಳನ್ನೂ ಅಸಾಧಾರಣ ಧೈರ್ಯದಿಂದ ಸೇವಿಸಿದವರಿಗೂ, ಜನಾರೋಗ್ಯದಲ್ಲಿ ಇಲ್ಲವೆ ದಾದಿಯರ ಶಿಕ್ಷಣದಲ್ಲಿ ಮಾದರಿಯಾಗಿ ದುಡಿದವರಿಗೂ ಕೊಡುವರು. 1991ರ ನಿಯಮದ ಮೇರೆಗೆ ಪುರುಷರಿಗೂ ಸಲ್ಲುವದು. ಸೇವೆಯಲ್ಲಿರುವಾಗಲೇ ಪ್ರಾಣಬಿಟ್ಟವರಿಗೂ ಇದು ಸಲ್ಲುವದುಂಟು. ಅಂಥವರು ಅದನ್ನು ಕೈಯಲ್ಲಿ ಹಿಡಿದು ನೋಡಲೇ ಇಲ್ಲ. ಆದಕಾರಣ ಇದು ಕೂಲಿಯಲ್ಲ, ಜ್ಞಾಪಕವೇ.

ಕನಿಕರವು ಒಳ್ಳೇದು, ಆದರೆ ತಿಳುವಳಿಕೆಯಿಲ್ಲದ ಕನಿಕರವು ರೋಗಿಯ ಪಕ್ಕದಲ್ಲಿ ಕೂತು ಅಳುವದೇ ಹೊರತು ಚರಂಡಿಯನ್ನು ತೆರೆಯದು. ನಮ್ಮ ಮನೆಯಲ್ಲಿ ಯಾರಾದರೂ ಜ್ವರದಿಂದ ಮಲಗಿರುವಾಗ, ಹಿತ್ತಲಿನ ಕೊಳೆನೀರನ್ನು ಹರಿಯಗೊಡಿಸುವದೂ ಕುಡಿಯುವ ನೀರನ್ನು ಕಾಯಿಸುವದೂ ಪ್ರೀತಿಯ ಕೆಲಸಗಳೇ ಎಂದು ತಿಳಿಯೋಣ. ಅದಕ್ಕೆ ಪದಕವು ಸಿಕ್ಕದು; ಒಂದು ಪ್ರಾಣವು ಉಳಿದೀತು.

ಪ್ರಶ್ನೆಗಳು: ಸ್ಕುಟಾರಿಯಲ್ಲಿ ಬಹುಮಂದಿ ಯಾತರಿಂದ ಸತ್ತರು? ನೈಟಿಂಗೇಲಳು ತನ್ನ ನಷ್ಟವನ್ನು ಯಾಕೆ ಮುಚ್ಚಿಡಲಿಲ್ಲ? ನಮ್ಮ ಊರಲ್ಲಿ ಮೊದಲು ತೆರೆಯತಕ್ಕ ಚರಂಡಿ ಯಾವದು?