ಮುಂಗಾರಿಗೆ ಬೀಳು ಬಿಟ್ಟರೆ ಮಣ್ಣಿನ ಜೀವಿಗಳಿಗೆ ಉಪವಾಸ

ಹೈದರಾಬಾದಿನಿಂದ ಜಹೀರಾಬಾದ್, ಹುಮನಾಬಾದ್ ಕಡೆಗೆ ಬರುವ ಹೆದ್ದಾರಿಯಲ್ಲೇ ಪಟಾನ್‌ಚೆರು ಇದೆ. ಅಲ್ಲಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಎರೆಹೊಲದಲ್ಲಿ 1976ರಲ್ಲಿ ಎರಡು ಬಗೆಯ ಬೇಸಾಯವನ್ನು ಹೋಲಿಸಿ ನೋಡಲು ಶುರು ಮಾಡಿದರು. ಒಂದು, ಬೀದರ್–ಕಲಬುರಗಿಯ ರೈತರಿಗೂ ಗೊತ್ತಿರುವುದೇ: ಮುಂಗಾರಿಗೆ ಹೊಲ ಬೀಳು ಬಿಟ್ಟು, ಹಿಂಗಾರಿಗೆ ಜೋಳ ಇಲ್ಲವೇ ಕಡಲೆ. ಇನ್ನೊಂದರಲ್ಲಿ ಒಂದೂವರೆ ಮೀಟರಿಗೊಂದು ಅಗಲ ಏರುಮಡಿ ಮತ್ತು ಕಾಲುವೆ, ಮುಂಗಾರಿನಲ್ಲೇ ಜೋಳ–ತೊಗರಿಯಂಥ ಅಂತರಬೆಳೆ, ಜೊತೆಗೆ ರಸಗೊಬ್ಬರ.

20 ವರ್ಷ ದಾಟಿದ ಮೇಲೆ 120 ಸೆಂ.ಮೀ. ಆಳದವರೆಗಿನ ಮಣ್ಣನ್ನು ಪರೀಕ್ಷಿಸಿದರು. ಮೇಲಿನ 60 ಸೆಂ.ಮೀ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಒಡಲಲ್ಲಿದ್ದ ಇಂಗಾಲ ಬೀಳು ಬಿಡುವ ಹೊಲದಲ್ಲಿ ಹೆಕ್ಟೇರಿಗೆ ಸುಮಾರು 1,460 ಕೆ.ಜಿ., ಇನ್ನೊಂದರಲ್ಲಿ ಸುಮಾರು 2,670 ಕೆ.ಜಿ. ಕಾಳಿನ ಇಳುವರಿ ಬೀಳು ಬಿಡುವ ಹೊಲದಲ್ಲಿ ಹೆಕ್ಟೇರಿಗೆ ಒಂದು ಟನ್ನಿನ ಆಸುಪಾಸು, ಇನ್ನೊಂದರಲ್ಲಿ ಐದು ಟನ್ನಿನಷ್ಟು. ರಸಗೊಬ್ಬರ ಹಾಕಿದ ಹೊಲದಲ್ಲೇ ಜೀವಿಗಳು ಹೆಚ್ಚಿದ್ದವು ಎಂಬುದು ಗಮನಿಸಬೇಕಾದ ಮಾತು. ಗೊಬ್ಬರದ ಚೀಲವೊಂದನ್ನೇ ದೂರುವ ಮುನ್ನ, ಮಳೆಗಾಲದಲ್ಲಿ ಬೇರೂ ಎಲೆಯೂ ಇಲ್ಲದೆ ಬಿಟ್ಟ ನೆಲದಲ್ಲಿ ಅವು ಏನನ್ನು ತಿಂದಾವು ಎಂದು ಕೇಳಿಕೊಳ್ಳಬೇಕು. ತೊಗರಿಯ ಉಪಕಾರ ಇಲ್ಲೇ ಇರುವುದು: ಜೋಳ ಕೊಯ್ದ ಮೇಲೂ ತಿಂಗಳುಗಟ್ಟಲೆ ನಿಂತು ಎಲೆ ಉದುರಿಸುತ್ತದೆ, ಬೇರನ್ನು ಆಳಕ್ಕೆ ಬಿಡುತ್ತದೆ.

ಮಸಾರಿ ಹೊಲದ ಕಷ್ಟ ಬೇರೆ. ಮಳೆಹನಿ ಬಡಿದು ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ, ನೀರು ಇಂಗದೆ ಹರಿದುಹೋಗುತ್ತದೆ. ಪಟಾನ್‌ಚೆರುವಿನ ಕೆಂಪು ಮಣ್ಣಿನಲ್ಲಿ ಹುಲ್ಲು ಹೊದಿಸಿದ, ಉಳುಮೆ ಕಡಿಮೆ ಮಾಡಿದ ತಾಕುಗಳ ಎರೆಹುಳುವನ್ನೂ ಅಳೆದಿದ್ದಾರೆ. ಹೊದಿಕೆ ಇದ್ದರೆ ಹುಳುವಿಗೆ ನೆರಳು, ತೇವ, ಆಹಾರ ಮೂರೂ ಸಿಗುತ್ತವೆ. ಗೆದ್ದಲನ್ನು ಕಂಡೊಡನೆ ವಿಷ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಅದರ ಬಹುಪಾಲು ಜಾತಿಗಳು ತಿನ್ನುವುದು ಸತ್ತ ಕಡ್ಡಿಯನ್ನು. ಅವು ಕೊರೆದ ದಾರಿಯಲ್ಲೇ ನೀರು ಇಳಿಯುತ್ತದೆ.

ನಿಮ್ಮ ಹೊಲವನ್ನು ನೀವೇ ನೋಡಬಹುದು. ಒಳ್ಳೆಯ ಮಳೆಯಾದ ಎರಡು ದಿನಕ್ಕೆ, ಬೆಳಗಿನ ತಂಪಿನಲ್ಲಿ, ಒಂದಡಿ ಉದ್ದಗಲ, ಒಂದಡಿ ಆಳದ ಮಣ್ಣು ತೆಗೆದು ಗೋಣಿತಾಟಿನ ಮೇಲೆ ಪುಡಿ ಮಾಡಿ. ಎರೆಹುಳು, ಅದರ ಹಿಕ್ಕೆ, ಜೀರುಂಡೆ, ಸಾವಿರಕಾಲಿನ ಹುಳು ಬೇರೆ ಬೇರೆ ಎಣಿಸಿ. ಬದುವಿನ ಬೇವಿನ ಮರದ ಬುಡದಲ್ಲೂ ಹಾಗೇ ತೆಗೆದು ಹೋಲಿಸಿ.

ಹೊದಿಕೆಗೆ ಹುಲ್ಲು ದನಕ್ಕೇ ಸಾಲದಿದ್ದರೆ ಬದುವಿನ ಮೇಲೆ ಗ್ಲಿರಿಸಿಡಿಯಾ ಹಚ್ಚಿ. ಅದರ ಎಳೆ ಸೊಪ್ಪನ್ನು ಸವರಿ, ನೆಲ ಹಸಿ ಇರುವಾಗಲೇ ಸಾಲಿನ ನಡುವೆ ಹರಡಿ. ಕೊಯ್ಲಿನ ಕೂಳೆಗೆ ಬೆಂಕಿ ಹಚ್ಚಬೇಡಿ. ಸೊರಗು ರೋಗದಿಂದ ಸತ್ತ ತೊಗರಿ ಗಿಡಗಳನ್ನು ಮಾತ್ರ ಬೇರುಸಹಿತ ಕಿತ್ತು ಹೊಲದಿಂದ ಆಚೆ ಸುಡಬೇಕು. ಆ ರೋಗ ತರುವ ಶಿಲೀಂಧ್ರ ಕೂಳೆಯಲ್ಲಿ ಎರಡು–ಮೂರು ವರ್ಷ ಬದುಕಿರುತ್ತದೆ.