ನ್ಯೂಜಿಲೆಂಡಿನ ಹಳ್ಳಿಗಳ ಯುದ್ಧಸ್ಮಾರಕ ಭವನಗಳು

ಮಡಿದ ಯೋಧರ ನೆನಪಿಗೆ ಕಲ್ಲು ನೆಡಬೇಕೆ, ಬದುಕಿರುವವರಿಗೆ ಉಪಯೋಗವಾಗುವ ಭವನವನ್ನು ಕಟ್ಟಬೇಕೆ? ನ್ಯೂಜಿಲೆಂಡಿನ ಹಳ್ಳಿಗಳು ಈ ಪ್ರಶ್ನೆಗೆ ಎರಡು ಯುದ್ಧಗಳ ತರುವಾಯ ಎರಡು ಬಗೆಯ ಉತ್ತರ ಕೊಟ್ಟವು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದು ವಿಚಾರಾರ್ಹವೆಂದು ತೋರಿತು.

ಮೊದಲನೆಯ ಮಹಾಯುದ್ಧದ (1914–18) ಕಾಲದಲ್ಲಿ ಆ ದೇಶದ ಜನಸಂಖ್ಯೆ ಸುಮಾರು 11 ಲಕ್ಷ. ಅವರಲ್ಲಿ ಸುಮಾರು 1 ಲಕ್ಷ ಮಂದಿ ಕಡಲಾಚೆಯ ರಣರಂಗಗಳಿಗೆ ಹೋದರು. ಸುಮಾರು 18,000 ಮಂದಿ ಮಡಿದರು. ಬ್ರಿಟಿಷ್ ಸಾಮ್ರಾಜ್ಯದ ನಿಯಮದಂತೆ ಅವರ ದೇಹಗಳನ್ನು ಸ್ವದೇಶಕ್ಕೆ ತರಲಿಲ್ಲ. ಆದುದರಿಂದ ಊರಿನ ಸ್ಮಾರಕಸ್ತಂಭವೇ ಹೆತ್ತವರ ಪಾಲಿಗೆ ಮಗನ ಸಮಾಧಿಯಾಯಿತು. ಇಂಥ ಸ್ಮಾರಕಗಳು ದೇಶದಲ್ಲಿ ಸುಮಾರು 500 ಎದ್ದವು. ನಿತ್ಯೋಪಯೋಗದ ಕಟ್ಟಡ ಸ್ಮಾರಕವಾಗಲಾರದೆಂಬ ಅಭಿಪ್ರಾಯವೇ ಆಗ ಪ್ರಬಲವಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ (1939–45) ಮತ್ತೆ ಸುಮಾರು 12,000 ಮಂದಿ ಮಡಿದರು. ಈ ಸಲ ಎಷ್ಟೋ ಊರುಗಳಲ್ಲಿ ಹೊಸ ಹೆಸರುಗಳನ್ನು ಹಳೆಯ ಕಂಬಕ್ಕೇ ಸೇರಿಸಿದರು. 1946ರಲ್ಲಿ ಸರ್ಕಾರವು ‘ಜೀವಂತ ಸ್ಮಾರಕ’ಗಳಿಗೆ ನೆರವು ಘೋಷಿಸಿತು: ಊರವರು ಒಂದು ಪೌಂಡು ಕೂಡಿಸಿದರೆ ಸರ್ಕಾರದಿಂದ ಮತ್ತೊಂದು ಪೌಂಡು. ಹಳ್ಳಿಗರು ಚಂದಾ ಎತ್ತಿದರು, ಮನರಂಜನೆಯ ಕೂಟಗಳನ್ನು ನಡೆಸಿದರು. ಹೀಗೆ ಎದ್ದ ಭವನಗಳಲ್ಲಿ ಮದುವೆ, ನೃತ್ಯ, ರೈತರ ಸಭೆಗಳು ನಡೆದವು. ಗೋಡೆಯ ಮೇಲೆ ಮಡಿದವರ ನಾಮಫಲಕ. ಕುಣಿತದ ಗದ್ದಲದಲ್ಲಿ ಆ ಹೆಸರುಗಳನ್ನು ಓದುವವರು ಯಾರು ಎಂದು ಆಕ್ಷೇಪಿಸಿದವರೂ ಉಂಟು.

ಆಕ್ಷೇಪವೇನೋ ಸಹಜವಾದುದೇ. ಆದರೆ ಕಲ್ಲಿನ ಗತಿಯನ್ನೂ ನೋಡಬೇಕಷ್ಟೆ. ನಮ್ಮೂರ ಕೆರೆಯ ಏರಿಯ ಬಳಿ ಒಂದು ವೀರಗಲ್ಲಿದೆ. ಅದಕ್ಕೆ ಅರಿಸಿನ ಕುಂಕುಮ ಸಲ್ಲುತ್ತದೆ; ವೀರನ ಹೆಸರನ್ನು ಬಲ್ಲವರಿಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಆ ಸವೆದ ಅಕ್ಷರಗಳನ್ನು ನಾನೂ ಓದಲಾರೆ.

ಭವನಕ್ಕೂ ಕುತ್ತು ತಪ್ಪಿದ್ದಲ್ಲ. ಹಳ್ಳಿಯ ಯುವಕರು ಪಟ್ಟಣ ಸೇರಿದಂತೆ ಎಷ್ಟೋ ಭವನಗಳ ಬಳಕೆ ಕುಗ್ಗಿತು. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್ ನಗರದ ಭೂಕಂಪದಲ್ಲಿ 185 ಮಂದಿ ಸತ್ತರು. ದುರ್ಬಲ ಕಟ್ಟಡಗಳನ್ನು ಬಲಪಡಿಸುವುದಕ್ಕಾಗಿ 2016ರಲ್ಲಿ ಹೊಸ ಶಾಸನವಾಯಿತು. ಅಂಥ ವೆಚ್ಚ ಸಣ್ಣ ಊರಿಗೆ ದೊಡ್ಡ ಹೊರೆ.

ಕಂಬವನ್ನು ಒಮ್ಮೆ ನೆಟ್ಟರೆ ಮುಗಿಯಿತು. ಭವನವನ್ನಾದರೋ ಪ್ರತಿಯೊಂದು ತಲೆಮಾರೂ ಮತ್ತೆ ತನ್ನದಾಗಿಸಿಕೊಳ್ಳಬೇಕು. ಸೂರು ಸೋರಿದಾಗಲೆಲ್ಲ ಊರವರು ಕೂಡಿ ಲೆಕ್ಕ ಹಾಕಬೇಕಾಗುವುದು. ಅದು ಯಾರಿಗಾಗಿ ಕಟ್ಟಿದ್ದೆಂಬ ಮಾತೂ ಆಗಲೇ ಏಳುವುದು. ಈ ಕಾರಣದಿಂದ ನನ್ನ ಒಲವು ಭವನದ ಕಡೆಗೇ.